ಹಣ್ಣು ಒಣಗಿಸುವುದಕ್ಕೆ ಮುನ್ನ ಅಧಿಕ ಒತ್ತಡದ ಸಂಸ್ಕರಣ: ಪ್ರೌಢ ತರಗತಿಗಳಿಗೊಂದು ಪೂರಕ ಪಾಠ

ಒಂಬತ್ತು ಮತ್ತು ಹತ್ತನೆಯ ತರಗತಿಗಳ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಪೂರಕವಾಗಿ ಕಲಿಸಬಹುದಾದ ಒಂದು ವಿಜ್ಞಾನ ವಿಷಯವನ್ನು ಈ ಲೇಖನದಲ್ಲಿ ಎತ್ತಿಕೊಂಡಿದೆ. ಹಣ್ಣನ್ನು ಒಣಗಿಸುವುದಕ್ಕೆ ಮುನ್ನ ಅದನ್ನು ಅತ್ಯಧಿಕ ಒತ್ತಡಕ್ಕೆ ಒಳಪಡಿಸಿದರೆ ಅದರೊಳಗಿನ ನೀರು ಬೇಗ ಹೊರಬರುತ್ತದೆ ಎಂಬುದೇ ಆ ವಿಷಯ. ಇದನ್ನು ವಿಜ್ಞಾನದ ಅಧ್ಯಾಪಕರು ಮಾತ್ರವಲ್ಲದೆ ಭಾಷಾ ಅಧ್ಯಾಪಕರೂ ಕಲಿಸಬಹುದು. ಇಬ್ಬರೂ ಕೂಡಿ ಕಲಿಸಿದರೆ ಇನ್ನೂ ಒಳ್ಳೆಯದು.

ಜತ್ತ ತಾಲೂಕಿನ ಪೂರ್ವಭಾಗದ ಹಳ್ಳಿಗಳಲ್ಲಿಯೂ ಸೊಲ್ಲಾಪುರದ ಸುತ್ತಲಿನ ದ್ರಾಕ್ಷಿಯ ಸೀಮೆಯಲ್ಲಿಯೂ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಹಣ್ಣು ಒಣಗಿಸುವ ಕಸುಬನ್ನು ಕಣ್ಣಾರೆ ಕಂಡವರು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತಂದೆತಾಯಿಯರೊಡನೆ ಬೇದಾಣಾ ಶೆಡ್ಡಿನಲ್ಲಿ ಕೈಗೂಡಿಸುವವರೂ ಉಂಟು. ಆದರೆ ಅದೇ ವಿದ್ಯಾರ್ಥಿಗೆ ‘ಹಣ್ಣು ಏಕೆ ಬೇಗ ಒಣಗುತ್ತದೆ?’ ಎಂದು ಪ್ರಶ್ನೆ ಕೊಟ್ಟು ಕನ್ನಡದಲ್ಲಿ ಐದು ವಾಕ್ಯ ಬರೆಯಹೇಳಿದರೆ, ತಾನು ಬಲ್ಲದ್ದನ್ನೆಲ್ಲ ಬದಿಗಿಟ್ಟು ಪುಸ್ತಕದ ಒಂದು ವ್ಯಾಖ್ಯೆಯನ್ನು ಬಾಯಿಪಾಠದಿಂದ ಬರೆಯುತ್ತಾನೆ. ಮನೆಯ ಕಸುಬನ್ನು ಮನೆಯ ಭಾಷೆಯಲ್ಲಿಯೇ ಕಾರಣಸಹಿತವಾಗಿ ಬರೆಯಲಾರದ ಮಗು, ಕನ್ನಡವು ಅಡುಗೆಮನೆಗೂ ಜಾತ್ರೆಗೂ ಸಾಕು, ವಿಚಾರಕ್ಕೆ ಸಾಲದು ಎಂದು ತನ್ನೊಳಗೇ ತೀರ್ಮಾನಿಸಿಕೊಳ್ಳುತ್ತದೆ. ಹತ್ತನೆಯ ತರಗತಿಯ ಅನಂತರ ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಕ್ಕಳಲ್ಲಿ ಈ ತೀರ್ಮಾನ ಬೇರೂರುವುದಕ್ಕೆ ಮುಂಚೆಯೇ ನಮ್ಮ ಕೆಲಸ ನಡೆಯಬೇಕು.

ಮೊದಲು ದ್ರಾಕ್ಷಿ

ಪಾಠವನ್ನು ಯಂತ್ರದಿಂದ ಆರಂಭಿಸಬಾರದು; ದ್ರಾಕ್ಷಿಯಿಂದ ಆರಂಭಿಸಬೇಕು. ಗಿಡದಿಂದ ಆಗತಾನೆ ಕೊಯ್ದ ದ್ರಾಕ್ಷಿಯ ಮೇಲೆ ಬೂದಿ ಸವರಿದಂತೆ ಮಸುಕಾದ ಒಂದು ಲೇಪ ಕಾಣುತ್ತದೆ. ಅದನ್ನು ಔಷಧ ಹೊಡೆದ ಕಲೆಯೆಂದು ಮಕ್ಕಳು ತಿಳಿಯುವುದುಂಟು. ಅದು ಹಣ್ಣು ತಾನೇ ಹೊದ್ದುಕೊಂಡ ಮೇಣ. ಈ ಮೇಣದ ಸೂಕ್ಷ್ಮ ಹಲ್ಲೆಗಳು ಮನೆಯ ಹಂಚಿನಂತೆ ಒಂದರ ಮೇಲೊಂದು ಹೊಂದಿಕೊಂಡು ನೀರನ್ನು ಒಳಗೇ ತಡೆದಿಡುತ್ತವೆ. ಬಿಸಿಲಿನ ಸೀಮೆಯಲ್ಲಿ ಹಣ್ಣಿಗೆ ಇದು ರಕ್ಷೆ. ಒಣಗಿಸುವವನಿಗೆ ಮಾತ್ರ ಅಡ್ಡಿ.

ಈ ಅಡ್ಡಿಯನ್ನು ನಿವಾರಿಸಲು ನಮ್ಮ ಬೆಳೆಗಾರರು ಮಾಡುವುದೇನು? ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು 15 ಮಿಲಿಲೀಟರ್ ಡಿಪ್ಪಿಂಗ್ ಆಯಿಲ್ ಬೆರೆಸಿದ ದ್ರಾವಣದಲ್ಲಿ ಗೊನೆಗಳನ್ನು ಎರಡರಿಂದ ನಾಲ್ಕು ನಿಮಿಷ ಅದ್ದಿ, ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಡಿಪ್ಪಿಂಗ್ ಆಯಿಲಿನಲ್ಲಿರುವ ಮುಖ್ಯ ವಸ್ತು ಈಥೈಲ್ ಓಲಿಯೇಟ್. ಅದು ಮೇಣದ ಹಲ್ಲೆಗಳ ಜೋಡಣೆಯನ್ನು ಸಡಿಲಿಸಿ ನೀರಿಗೆ ದಾರಿ ಬಿಡುತ್ತದೆ. ಅದ್ದದೆ ನೆರಳಿನಲ್ಲಿ ಹರಡಿದರೆ ನಾಲ್ಕು ವಾರಗಳನ್ನೂ ಮೀರಬಹುದಾದ ಕೆಲಸ ಹದಿನೈದು ದಿನಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ಆ ಎರಡು ವಾರಗಳ ಉಳಿತಾಯ ಸಣ್ಣದಲ್ಲ. ಮಾರ್ಚಿನಲ್ಲಿ ಅಕಾಲದ ಮಳೆ ಸುರಿದು ಗಾಳಿಯಲ್ಲಿ ತೇವ ನಿಂತರೆ ಬಲೆಯ ಮೇಲಿನ ಹಣ್ಣು ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ. ವರುಷದ ದುಡಿಮೆಗೆ ತಾಸಗಾಂವದ ಪೇಟೆಯಲ್ಲಿ ದರ ಬೀಳುತ್ತದೆ. ‘ಬೇಗ ಒಣಗುವುದು’ ಎಂಬ ಮಾತಿನ ಬೆಲೆ ನಮ್ಮ ಮಕ್ಕಳಿಗೆ ಗೊತ್ತು. ಅದನ್ನು ಅವರ ಬಾಯಿಂದಲೇ ಹೊರಡಿಸಬೇಕು.

ಇಲ್ಲಿ ಒಂದು ಲೆಕ್ಕವನ್ನೂ ಕೊಡಬಹುದು. ಸುಮಾರು 80 ಪ್ರತಿಶತ ನೀರಿರುವ 4 ಕಿಲೋಗ್ರಾಂ ದ್ರಾಕ್ಷಿಯಲ್ಲಿ ನೀರು 3,200 ಗ್ರಾಂ, ಉಳಿದ ಸಾರ 800 ಗ್ರಾಂ. ಒಣಗಿದ ಹಣ್ಣಿನಲ್ಲಿ 15 ಪ್ರತಿಶತ ನೀರು ಉಳಿಯಬೇಕಾದರೆ ಈ 800 ಗ್ರಾಂ ಅದರ 85 ಪ್ರತಿಶತವಾಗುತ್ತದೆ. ಅಂದರೆ ಬೇದಾಣಾದ ತೂಕ ಸುಮಾರು 941 ಗ್ರಾಂ. ಮೂರು ಕಿಲೋಗ್ರಾಮಿಗೂ ಹೆಚ್ಚು ನೀರು ಸಿಪ್ಪೆಯನ್ನು ದಾಟಿ ಹೋಗಬೇಕಾಯಿತು. ‘ನಾಲ್ಕು ಕಿಲೋ ಹಾಕಿದರೆ ಒಂದು ಕಿಲೋ ಬರುತ್ತದೆ’ ಎಂದು ಮನೆಯಲ್ಲಿ ಕೇಳಿದ ಮಾತಿಗೆ ಶಾಲೆಯ ಲೆಕ್ಕ ತಾಳೆಯಾದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು.

‘ಬೇದಾಣಾ’ ಎಂಬ ಹೆಸರನ್ನು ಮರಾಠಿಯ ಮಾತೆಂದು ಕರಿಹಲಗೆಯಿಂದ ಅಳಿಸುವ ಅಧ್ಯಾಪಕರಿದ್ದಾರೆ. ಇದು ಮೂಲತಃ ಫಾರಸಿಯ ಮಾತು: ‘ಬೇ’ ಎಂದರೆ ಇಲ್ಲದ, ‘ದಾನಾ’ ಎಂದರೆ ಬೀಜ ಅಥವಾ ಕಾಳು. ನಾವು ದಿನವೂ ಆಡುವ ‘ಬೇಜವಾಬ್ದಾರಿ’ಯಲ್ಲಿರುವುದೂ ಇದೇ ‘ಬೇ’. ಒಣದ್ರಾಕ್ಷಿ, ಮಣೂಕ, ಬೇದಾಣಾ ಮೂರನ್ನೂ ಹಲಗೆಯ ಮೇಲೆ ಬರೆದು ಯಾವುದನ್ನು ಯಾರು ಎಲ್ಲಿ ಬಳಸುತ್ತಾರೆಂದು ಕೇಳುವುದು ಲೇಸು.

ನೀರು ಹೋಗುವುದಕ್ಕೆ ಎಷ್ಟು ಮಾತುಗಳು

ಭಾಷಾ ಅಧ್ಯಾಪಕರು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆಂದು ನನ್ನ ಆಗ್ರಹ. ವಸ್ತುವೊಂದರಿಂದ ನೀರು ಕಳೆದುಹೋಗುವುದನ್ನು ಹೇಳಲು ಕನ್ನಡದಲ್ಲಿ ಎಷ್ಟೊಂದು ಕ್ರಿಯಾಪದಗಳಿವೆ! ಬಟ್ಟೆ ಆರುತ್ತದೆ ಅಥವಾ ಒಣಗುತ್ತದೆ, ಕೆರೆ ಬತ್ತುತ್ತದೆ, ಹೂ ಬಾಡುತ್ತದೆ, ಪೈರು ಸೊರಗುತ್ತದೆ, ಮಳೆಯ ನೀರು ನೆಲದಲ್ಲಿ ಇಂಗುತ್ತದೆ, ಒಲೆಯ ಮೇಲಿನ ಎಸರು ಆವಿಯಾಗುತ್ತದೆ, ಗಡಿಗೆ ಜಿನುಗುತ್ತದೆ, ಉಪ್ಪು ಬೆರೆಸಿದ ಮಾವಿನ ಹೋಳು ನೀರು ಬಿಡುತ್ತದೆ. ಇವು ಬರಿಯ ಪರ್ಯಾಯಪದಗಳಲ್ಲ. ಕೆರೆ ಬಾಡುವುದಿಲ್ಲ, ಹೂ ಇಂಗುವುದಿಲ್ಲ. ಪ್ರತಿಯೊಂದು ಮಾತಿನಲ್ಲಿಯೂ ನೀರು ಎಲ್ಲಿಂದ ಹೊರಟಿತು, ಯಾವ ದಾರಿಯಿಂದ ಹೋಯಿತು, ಹಿಂದೆ ಏನು ಉಳಿಯಿತು ಎಂಬ ಅವಲೋಕನ ಅಡಗಿದೆ.

ವಿಜ್ಞಾನ ಇವುಗಳಲ್ಲಿ ಕೆಲವನ್ನು ಆಯ್ದು ಹೊಸ ಹೆಸರು ಕೊಡುತ್ತದೆ. ಮಾವಿನ ಹೋಳು ನೀರು ಬಿಡುವುದು ಅಭಿಸರಣ: ಪೊರೆಯ ಆಚೆ ಉಪ್ಪು ಅಥವಾ ಸಕ್ಕರೆ ದಟ್ಟವಾಗಿದ್ದರೆ ನೀರು ಅತ್ತ ಸರಿಯುತ್ತದೆ. ಹಣ್ಣಿನ ಒಡಲಿನಿಂದ ನೀರಿನ ಕಣಗಳು ದಟ್ಟಣೆ ಹೆಚ್ಚಿರುವೆಡೆಯಿಂದ ಕಡಿಮೆ ಇರುವೆಡೆಗೆ ಹರಡುವುದು ವಿಸರಣ. ಮೇಲ್ಮೈಗೆ ಬಂದ ನೀರು ಗಾಳಿಯನ್ನು ಸೇರುವುದು ಆವೀಕರಣ. ಹಣ್ಣು ಒಣಗುವಾಗ ಸಾಮಾನ್ಯವಾಗಿ ತಡವಾಗುವುದು ಈ ಕೊನೆಯ ಹಂತದಲ್ಲಲ್ಲ, ಒಳಗಿನಿಂದ ಹೊರಗೆ ಬರುವ ದಾರಿಯಲ್ಲಿ. ಇದನ್ನು ತಿಳಿಯದೆ ಮುಂದಿನ ಪಾಠ ಅರ್ಥವಾಗದು.

ದಾರಿ ತೆರೆಯುವ ಉಪಾಯಗಳನ್ನು ನಮ್ಮ ಅಡುಗೆಮನೆಗಳು ಬಹುಕಾಲದಿಂದ ಬಲ್ಲವು. ಮಜ್ಜಿಗೆಮೆಣಸಿನಕಾಯಿ ಮಾಡುವಾಗ ಕಾಯಿಯನ್ನು ಮೊದಲು ಸೀಳುತ್ತಾರೆ. ಮುರಬ್ಬಕ್ಕೆ ನೆಲ್ಲಿಕಾಯಿಯನ್ನು ಚುಚ್ಚುತ್ತಾರೆ. ಸಾಂಗಲಿಯ ಸೀಮೆಗೆ ಹೆಸರು ತಂದ ಅರಿಶಿನವನ್ನು ಅಗೆದ ಮೇಲೆ ಹಾಗೆಯೇ ಬಿಸಿಲಿಗೆ ಹಾಕುವುದಿಲ್ಲ; ಕುದಿಸಿ ಆಮೇಲೆ ಒಣಗಿಸುತ್ತಾರೆ. ಕುದಿಯುವಾಗ ಗಡ್ಡೆಯ ಜೀವಕೋಶಗಳು ಸಡಿಲವಾಗಿ ನೀರು ಸರಾಗವಾಗಿ ಹೊರಬರುತ್ತದೆ, ಬಣ್ಣವೂ ಒಂದೇ ಸಮನಾಗಿ ಹರಡುತ್ತದೆ. ಹೀಗೆ ಒಣಗಿಸುವುದಕ್ಕೆ ಮುನ್ನ ಮಾಡುವ ಸಿದ್ಧತೆಗೆ ಪೂರ್ವಸಂಸ್ಕರಣ ಎಂದು ಹೆಸರಿಡೋಣ. ಹೆಸರನ್ನು ಕೊನೆಯಲ್ಲಿ ಕೊಡಬೇಕು. ಮೆಣಸಿನಕಾಯಿ, ನೆಲ್ಲಿಕಾಯಿ, ಅರಿಶಿನ, ದ್ರಾಕ್ಷಿ ನಾಲ್ಕೂ ಬಂದು ಹೋದ ಮೇಲೆ.

ಒತ್ತಡ

ಕಾಯಿಸದೆ, ಸೀಳದೆ, ರಾಸಾಯನಿಕದಲ್ಲಿ ಅದ್ದದೆ ದಾರಿ ತೆರೆಯಬಹುದೇ? ಈ ಪ್ರಶ್ನೆಯನ್ನು ತರಗತಿಯ ಮುಂದಿಟ್ಟು ಉತ್ತರಕ್ಕೆ ಕಾಯಬೇಕು. ಯಾರಾದರೊಬ್ಬರು ‘ಒತ್ತಿದರಾಯಿತು’ ಎಂದೇ ಎನ್ನುತ್ತಾರೆ. ‘ಒತ್ತಿದರೆ ಹಣ್ಣು ಜಜ್ಜಿಹೋಗುತ್ತದೆ ಸರ್’ ಎಂದು ಇನ್ನೊಬ್ಬರು ತಡೆಯುತ್ತಾರೆ. ಪಾಠದ ತಿರುಳು ಈ ಎರಡನೆಯ ಮಾತಿನಲ್ಲಿದೆ.

ಒತ್ತು, ಅದುಮು, ಹಿಂಡು, ಜಜ್ಜು, ತುಳಿ: ಈ ಎಲ್ಲ ಕ್ರಿಯೆಗಳಿಗೂ ದಿಕ್ಕು ಉಂಟು. ಒಂದು ಕಡೆಯಿಂದಲೋ ಎರಡು ಕಡೆಯಿಂದಲೋ ಬಲ ಬೀಳುತ್ತದೆ, ವಸ್ತು ಮತ್ತೊಂದು ಕಡೆಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಭೌತಶಾಸ್ತ್ರದ ‘ಒತ್ತಡ’ ಎಂಬ ನಾಮಪದ ಇದೇ ‘ಒತ್ತು’ ಧಾತುವಿನಿಂದ ಬಂದರೂ ದ್ರವದೊಳಗೆ ಅದಕ್ಕೆ ಹೀಗೆ ಒಂದು ದಿಕ್ಕಿಲ್ಲ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದೆಡೆ ಒತ್ತಡ ಹೆಚ್ಚಿಸಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ (1623–1662) ಕಂಡುಹಿಡಿದನು. ಒತ್ತಡದ ಮಾನಕ್ಕೆ ಪಾಸ್ಕಲ್ ಎಂಬ ಹೆಸರು ಬಂದದ್ದು ಅವನಿಂದಲೇ. ನೀರಿನಲ್ಲಿ ಮುಳುಗಿದ ಹಣ್ಣನ್ನು ಮೇಲಿನಿಂದ, ಕೆಳಗಿನಿಂದ, ಮಗ್ಗುಲುಗಳಿಂದ ಒಂದೇ ಪ್ರಮಾಣದಲ್ಲಿ ಒತ್ತಿದರೆ ಅದು ಯಾವ ಕಡೆಗೆ ಚಪ್ಪಟೆಯಾದೀತು?

ನಿತ್ಯದ ಮಾತಿನಲ್ಲಿ ಪರೀಕ್ಷೆಯ ಒತ್ತಡ, ಕೆಲಸದ ಒತ್ತಡ ಎಂಬ ಬಳಕೆಯಿರುವುದರಿಂದ ಈ ಪದ ಮಕ್ಕಳಿಗೆ ಪರಿಚಿತವೆಂದು ಭಾವಿಸಿ ಮುಂದೆ ಸಾಗುವುದು ಅಪಾಯ. ಪರಿಚಿತವಾದ ಪದವೇ ಕೆಲವೊಮ್ಮೆ ಪರಿಭಾಷೆಗೆ ಅಡ್ಡವಾಗುತ್ತದೆ. ಮುಂದೆ ಮರಾಠಿಯಲ್ಲಿ ಓದಲಿರುವವರಿಗಾಗಿ ‘ದಾಬ’ ಎಂಬ ಮಾತನ್ನೂ, ಜೀವಕೋಶಕ್ಕೆ ಅಲ್ಲಿರುವ ‘ಪೇಶಿ’ ಎಂಬ ಮಾತನ್ನೂ ಹಲಗೆಯ ಅಂಚಿನಲ್ಲಿ ಬರೆದಿಡಬೇಕು. ಇದರಿಂದ ಕನ್ನಡಕ್ಕೆ ಕುಂದಿಲ್ಲ. ಅರ್ಥವನ್ನು ಕನ್ನಡದಲ್ಲಿ ಗಟ್ಟಿ ಮಾಡಿಕೊಂಡ ಮಗುವಿಗೆ ಎರಡನೆಯ ಹೆಸರು ಹೊರೆಯಾಗುವುದಿಲ್ಲ.

ಯಂತ್ರದೊಳಗೆ

ಅಧಿಕ ಒತ್ತಡದ ಯಂತ್ರವೆಂದರೆ ದಪ್ಪ ಉಕ್ಕಿನ ಒಂದು ಗಟ್ಟಿ ಕೊಳವೆ. ಹಣ್ಣಿನ ಹೋಳುಗಳನ್ನು ಮೆದುವಾದ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಿಲ್ಲದಂತೆ ಮುಚ್ಚಿ, ಕೊಳವೆಯೊಳಗಿಟ್ಟು, ನೀರು ತುಂಬಿ, ಬಾಯಿ ಭದ್ರಪಡಿಸಿ, ಪಂಪಿನಿಂದ ಒತ್ತಡ ಏರಿಸುತ್ತಾರೆ. ಕೆಲವು ನಿಮಿಷ ಹಾಗೆಯೇ ಇರಿಸಿ ಇಳಿಸುತ್ತಾರೆ. ಬಳಸುವ ಒತ್ತಡ ಸಾಮಾನ್ಯವಾಗಿ 100ರಿಂದ 600 ಮೆಗಾಪಾಸ್ಕಲ್. ಅಂಕಿಯಿಂದ ಮಕ್ಕಳಿಗೆ ಏನೂ ಆಗದು. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 0.1 ಮೆಗಾಪಾಸ್ಕಲ್, ಆದ್ದರಿಂದ 600 ಎಂದರೆ ಅದರ ಸುಮಾರು ಆರು ಸಾವಿರ ಪಟ್ಟು. ಬೆರಳಿನ ಉಗುರಿನಷ್ಟು, ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಆರು ಟನ್ ಭಾರ. ಸಮುದ್ರದ ಅತ್ಯಂತ ಆಳವಾದ ಮರಿಯಾನಾ ಕಂದಕದ ತಳದಲ್ಲಿರುವ ಒತ್ತಡವೂ ಸುಮಾರು 110 ಮೆಗಾಪಾಸ್ಕಲ್ ಮಾತ್ರ.

ಇಷ್ಟಾದರೂ ದ್ರಾಕ್ಷಿ, ಅನಾನಸಿನಂಥ ನೀರುತುಂಬಿದ ಹಣ್ಣು ಹೆಚ್ಚುಕಡಿಮೆ ಇದ್ದ ಆಕಾರದಲ್ಲಿಯೇ ಹೊರಬರುತ್ತದೆ. ಒಳಗೆ ಗಾಳಿಯ ಪೊಳ್ಳುಗಳಿರುವ ಸೇಬು, ಸ್ಟ್ರಾಬೆರಿಗಳು ಮಾತ್ರ ಕುಗ್ಗಿ ಮೆತ್ತಗಾಗುತ್ತವೆ. ಗಾಳಿ ನೀರಿಗಿಂತ ಬಹಳ ಸುಲಭವಾಗಿ ಹಿಸುಕಲ್ಪಡುತ್ತದೆ. ಕಣ್ಣಿಗೆ ಕಾಣದ ಬದಲಾವಣೆ ನಡೆದಿರುವುದು ಜೀವಕೋಶಗಳಲ್ಲಿ. ಕೋಶದ ಒಳಪೊರೆ ತನ್ನ ಬಿಗಿ ಕಳೆದುಕೊಳ್ಳುತ್ತದೆ, ಕೋಶಭಿತ್ತಿ ಅಲ್ಲಲ್ಲಿ ಬಿರಿಯುತ್ತದೆ. ಬದುಕಿದ್ದಾಗ ನೀರನ್ನು ಕಾವಲು ಕಾಯುತ್ತಿದ್ದ ಪೊರೆ ಈಗ ಕಾಯುವುದಿಲ್ಲ. ಸಕ್ಕರೆ ಮತ್ತು ಜೀವಸತ್ವಗಳಂಥ ಸಣ್ಣ ಅಣುಗಳನ್ನು ಒತ್ತಡ ಒಡೆಯದ ಕಾರಣ, ಕುದಿಸಿದಾಗ ನಷ್ಟವಾಗುವ ಪರಿಮಳ, ಜೀವಸತ್ವಗಳು ಬಹುಮಟ್ಟಿಗೆ ಉಳಿಯುತ್ತವೆ.

ಈ ವಿದ್ಯೆ ತೀರ ಹೊಸದೇನೂ ಅಲ್ಲ. 1899ರಲ್ಲಿಯೇ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಬರ್ಟ್ ಹೈಟ್ ಎಂಬ ವಿಜ್ಞಾನಿ ಹಾಲು ಕೆಡದಂತೆ ಇರಿಸಲು ಒತ್ತಡವನ್ನು ಪ್ರಯೋಗಿಸಿದ್ದನು. 1914ರಲ್ಲಿ ಪರ್ಸಿ ಬ್ರಿಜ್‌ಮನ್ ಬೆಂಕಿಯಿಲ್ಲದೆ ಬರಿಯ ಒತ್ತಡದಿಂದ ಮೊಟ್ಟೆಯ ಬಿಳಿಯನ್ನು ಗಟ್ಟಿ ಮಾಡಿ ತೋರಿಸಿದನು. ಮಾರುಕಟ್ಟೆಗೆ ಇಂಥ ಆಹಾರ ಬಂದದ್ದು 1990ರಲ್ಲಿ, ಜಪಾನಿನಲ್ಲಿ, ಹಣ್ಣಿನ ಜಾಮಿನ ರೂಪದಲ್ಲಿ.

ಅನಾನಸಿನ ಪ್ರಯೋಗ

ಒಣಗಿಸುವ ಕೆಲಸಕ್ಕೆ ಇದನ್ನು ತಂದವರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಎನ್. ಕೆ. ರಸ್ತೋಗಿ ಅವರ ಹೆಸರನ್ನು ಮಕ್ಕಳಿಗೆ ಹೇಳಬೇಕು. ಅವರೂ ಕೆ. ನಿರಂಜನ್ ಅವರೂ 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅನಾನಸಿನ ಹೋಳುಗಳನ್ನು 100ರಿಂದ 800 ಮೆಗಾಪಾಸ್ಕಲ್ ಒತ್ತಡಕ್ಕೆ ಒಳಪಡಿಸಿ, ಆಮೇಲೆ ಸಕ್ಕರೆಯ ಪಾಕದಲ್ಲಿರಿಸಿ ನೀರು ತೆಗೆದ ವಿವರವಿದೆ. ಮಾವಿನ ಹೋಳು ಉಪ್ಪಿನಲ್ಲಿ ನೀರು ಬಿಡುವ ಕ್ರಮವೇ ಇದು. ಒತ್ತಡ ಕಂಡ ಹೋಳುಗಳಲ್ಲಿ ನೀರಿನ ವಿಸರಣ ಗುಣಾಂಕ ನಾಲ್ಕು ಪಟ್ಟಿನವರೆಗೆ, ಒಳಸೇರುವ ಸಕ್ಕರೆಯದು ಎರಡು ಪಟ್ಟಿನವರೆಗೆ ಏರಿತು. ಒತ್ತಡ ಹೆಚ್ಚಿದಷ್ಟೂ ಕೋಶಭಿತ್ತಿಗಳು ಹೆಚ್ಚು ಬಿರಿದಿರುವುದು ಸೂಕ್ಷ್ಮದರ್ಶಕದಲ್ಲಿ ಕಂಡಿತು.

ಇಲ್ಲಿಗೇ ನಿಲ್ಲಿಸಿದರೆ ಪಾಠ ಜಾಹೀರಾತಾಗುತ್ತದೆ. ಅದೇ ಸಂಶೋಧಕರು ಸಹೋದ್ಯೋಗಿಗಳೊಡನೆ ಮುಂದೆ, ಹೀಗೆ ನೀರು ತೆಗೆದ ಅನಾನಸನ್ನು ಮರಳಿ ನೀರಿನಲ್ಲಿ ನೆನೆಸಿದರು. ಒತ್ತಡ ಕಂಡ ಹೋಳುಗಳು ಸಾಮಾನ್ಯ ಹೋಳುಗಳಿಗಿಂತ ನಿಧಾನವಾಗಿ ನೀರು ಹೀರಿದವು. ಪೊರೆ ಕೆಟ್ಟ ಕೋಶಕ್ಕೆ ನೀರನ್ನು ಹಿಡಿದಿಡುವ ಶಕ್ತಿಯೂ ಕುಂದಿರುತ್ತದೆ. ಒಣಗಿದ ಹಣ್ಣನ್ನು ಹಾಗೆಯೇ ತಿನ್ನುವವನಿಗೆ ಇದರಿಂದ ಬಾಧೆಯಿಲ್ಲ. ನೆನೆಸಿ ಬಳಸುವವನಿಗೆ ಉಂಟು. ಕೋಶ ಒಡೆದಾಗ ಕಿಣ್ವಗಳು ಇತರ ವಸ್ತುಗಳೊಡನೆ ಬೆರೆತು ಕೆಲವು ಹಣ್ಣುಗಳು ಕಂದುಬಣ್ಣಕ್ಕೆ ತಿರುಗುವುದೂ ಉಂಟು. ಯಂತ್ರದ ಬೆಲೆಯಂತೂ ಸಣ್ಣ ಬೆಳೆಗಾರನಿಗೆ ನಿಲುಕುವಂಥದಲ್ಲ. ಇದಲ್ಲದೆ, ಇಡಿಯ ದ್ರಾಕ್ಷಿಯಲ್ಲಿ ಮೊದಲ ತಡೆ ಸಿಪ್ಪೆಯ ಮೇಲಿನ ಮೇಣ. ಒತ್ತಡ ಕೆಲಸ ಮಾಡುವುದು ಒಳಗಿನ ಪೊರೆಯ ಮೇಲೆ. ಬೀಗ ಎಲ್ಲಿದೆಯೆಂದು ತಿಳಿಯದೆ ಕೀಲಿಕೈ ಆರಿಸಲಾಗದು. ಆದಕಾರಣ ಶೆಡ್ಡಿನ ಡಿಪ್ಪಿಂಗ್ ತೊಟ್ಟಿ ಹಿಂದುಳಿದದ್ದು, ಯಂತ್ರ ಮುಂದುವರಿದದ್ದು ಎಂಬ ಭಾವನೆಯನ್ನು ಮಕ್ಕಳಲ್ಲಿ ಬಿತ್ತಬಾರದು. ಎರಡೂ ಒಂದೇ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು.

ತರಗತಿಯಲ್ಲಿ ಮಾಡಬಹುದಾದದ್ದು

ಪೊರೆಯ ಕಾವಲನ್ನು ತೋರಿಸಲು ಬೀಟ್‌ರೂಟ್ ಸಾಕು. ಹೋಳುಗಳನ್ನು ಚೆನ್ನಾಗಿ ತೊಳೆದು ಒಂದನ್ನು ತಣ್ಣೀರಿನ ಗಾಜಿನ ಲೋಟದಲ್ಲಿ, ಇನ್ನೊಂದನ್ನು ಬಿಸಿನೀರಿನ ಲೋಟದಲ್ಲಿ ಹಾಕಬೇಕು. ಹತ್ತು ನಿಮಿಷದಲ್ಲಿ ಬಿಸಿನೀರು ಕೆಂಪಾಗುತ್ತದೆ, ತಣ್ಣೀರು ಬಹುಮಟ್ಟಿಗೆ ತಿಳಿಯಾಗಿಯೇ ಇರುತ್ತದೆ. ಬಣ್ಣ ಎರಡರಲ್ಲಿಯೂ ಇತ್ತು. ಹೊರಬಂದದ್ದು ಪೊರೆ ಕೆಟ್ಟಲ್ಲಿ ಮಾತ್ರ.

ಎಲ್ಲ ಕಡೆಯಿಂದ ಬರುವ ಒತ್ತಡವನ್ನು ತೋರಿಸಲು ಸೂಜಿಯಿಲ್ಲದ ದೊಡ್ಡ ಸಿರಿಂಜಿನಲ್ಲಿ ನೀರು ತುಂಬಿ ಒಂದು ಹಸಿ ಬಟಾಣಿಯನ್ನೂ ಒಂದು ಸಣ್ಣ ಗಾಳಿಗುಳ್ಳೆಯನ್ನೂ ಒಳಗೆ ಬಿಡಬೇಕು. ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿಕೆಯನ್ನು ಒತ್ತಿದರೆ ಗುಳ್ಳೆ ಚಿಕ್ಕದಾಗುತ್ತದೆ, ಆದರೆ ಚಪ್ಪಟೆಯಾಗುವುದಿಲ್ಲ; ಬಟಾಣಿ ಇದ್ದಂತೆಯೇ ಇರುತ್ತದೆ. ಅದೇ ಬಟಾಣಿಯನ್ನು ಹೊರತೆಗೆದು ಹೆಬ್ಬೆರಳಿನಿಂದ ಬೆಂಚಿನ ಮೇಲೆ ಒತ್ತಿಸಬೇಕು. ಕೈಯ ಒತ್ತಡ ಯಂತ್ರದ ಒತ್ತಡಕ್ಕೆ ಹೋಲಿಸಿದರೆ ಏನೂ ಅಲ್ಲ. ಇಲ್ಲಿ ತೋರಿಸುತ್ತಿರುವುದು ಆಕಾರ ಏಕೆ ಉಳಿಯುತ್ತದೆ ಎಂಬುದನ್ನು ಮಾತ್ರ.

ಮೂರನೆಯದಕ್ಕೆ ಒಂದೆರಡು ವಾರ ಬೇಕು. ಸಮತೂಕದ ದ್ರಾಕ್ಷಿಯನ್ನು ಮೂರು ಪಾಲು ಮಾಡಿ, ಒಂದನ್ನು ಹಾಗೆಯೇ, ಒಂದನ್ನು ಸೂಜಿಯಿಂದ ಚುಚ್ಚಿ, ಒಂದನ್ನು ಕುದಿನೀರಿನಲ್ಲಿ ಕೆಲವು ಕ್ಷಣ ಅದ್ದಿ ತಟ್ಟೆಗಳಲ್ಲಿ ಹರಡಿ, ಪ್ರತಿದಿನ ಒಂದೇ ಹೊತ್ತಿಗೆ ತೂಗಿ ಕೋಷ್ಟಕದಲ್ಲಿ ಬರೆಯಿಸಬೇಕು. ಕುದಿನೀರಿನ ಕೆಲಸ ಅಧ್ಯಾಪಕರದೇ. ಡಿಪ್ಪಿಂಗ್ ದ್ರಾವಣ ಕ್ಷಾರವಾದುದರಿಂದ ಅದನ್ನು ಶಾಲೆಗೆ ತರುವುದು ಬೇಡ.

ಬರವಣಿಗೆ

ಇಷ್ಟೆಲ್ಲ ಮಾಡಿದ ಮೇಲೆಯೂ ಹೆಚ್ಚಿನ ಉತ್ತರಪತ್ರಿಕೆಗಳಲ್ಲಿ ‘ಒತ್ತಡದಿಂದ ಹಣ್ಣು ಒಣಗುತ್ತದೆ’ ಎಂಬ ವಾಕ್ಯ ಬರುತ್ತದೆ. ವ್ಯಾಕರಣದಲ್ಲಿ ತಪ್ಪಿಲ್ಲ, ವಿಚಾರದಲ್ಲಿ ತಪ್ಪಿದೆ. ಒತ್ತಡ ಹಣ್ಣನ್ನು ಒಣಗಿಸುವುದಿಲ್ಲ. ಒಣಗಿಸುವುದು ಗಾಳಿ, ಬಿಸಿಲು ಅಥವಾ ಪಾಕ. ‘ಇಂದ’ ಎಂಬ ಒಂದು ಪ್ರತ್ಯಯ ಎರಡು ಹಂತಗಳನ್ನು ನುಂಗಿಬಿಟ್ಟಿದೆ. ವಾಕ್ಯವನ್ನು ಬಿಡಿಸಿ ಬರೆಯಿಸಬೇಕು: ‘ಒತ್ತಡವು ಕೋಶದ ಪೊರೆಯನ್ನು ಸಡಿಲಿಸುತ್ತದೆ. ಪೊರೆ ಸಡಿಲವಾದುದರಿಂದ ನೀರು ಸುಲಭವಾಗಿ ಹೊರಬರುತ್ತದೆ. ಆದಕಾರಣ ಅನಂತರ ಒಣಗಿಸುವಾಗ ಕಾಲ ಕಡಿಮೆ ಹಿಡಿಯುತ್ತದೆ.’ ಒಣಗು, ಒಣಗಿಸು, ಸಡಿಲು, ಸಡಿಲಿಸು, ಇಂಥ ಜೋಡಿಗಳಲ್ಲಿ ಯಾವುದು ತಾನಾಗಿ ಆಗುವುದು, ಯಾವುದು ಮಾಡಿಸುವುದು ಎಂಬ ಭೇದವನ್ನು ಪ್ರೇರಣಾರ್ಥಕ ಕ್ರಿಯಾಪದದ ಪಾಠದಲ್ಲಿ ಉದಾಹರಣೆ ಕೊಟ್ಟು ಮರೆತಿರುತ್ತೇವೆ. ಅದಕ್ಕೆ ನಿಜವಾದ ಕೆಲಸ ದೊರೆಯುವುದು ಇಲ್ಲಿ.

ಅಂಕ ಕೊಡುವಾಗ ‘ಶೆಡ್ಡು’, ‘ಡಿಪ್ಪಿಂಗ್’, ‘ಬೇದಾಣಾ’ ಎಂಬ ಮಾತುಗಳಿಗೆ ಅಂಕ ಕಳೆಯಬಾರದು. ಪೂರ್ವಸಂಸ್ಕರಣ, ಅಭಿಸರಣ ಎಂದು ಶುದ್ಧವಾಗಿ ಬರೆದು ಕಾರಣ ಹೇಳದ ಉತ್ತರಕ್ಕಿಂತ, ‘ಎಣ್ಣೀ ನೀರಾಗ ಅದ್ದಿದರ ಮ್ಯಾಲಿನ ಮೇಣ ಸಡ್ಲ ಆಗಿ ನೀರ ಲಗೂನ ಹೊರಗ ಬರತೈತಿ’ ಎಂದು ಬರೆದ ಉತ್ತರಕ್ಕೆ ಹೆಚ್ಚು ಅಂಕ ಸಲ್ಲಬೇಕು. ಅದನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸುವುದು ಮರುದಿನದ ಪಾಠ. ತಿರುಗಿಸಬೇಕಾದವನು ಆ ವಿದ್ಯಾರ್ಥಿಯೇ. ಮನೆಗೆಲಸವಾಗಿ ಎರಡು ಪ್ರಶ್ನೆಗಳನ್ನು ಕೊಟ್ಟು ಕಳುಹಿಸಬಹುದು: ಅದ್ದುವ ನೀರು ಹಳೆಯದಾಯಿತೆಂದು ಮನೆಯವರು ಹೇಗೆ ತಿಳಿಯುತ್ತಾರೆ? ಹಣ್ಣು ಒಣಗಿತೆಂದು ಕೈಯಲ್ಲಿ ಹಿಡಿದು ಹೇಗೆ ಹೇಳುತ್ತಾರೆ? ಉತ್ತರವನ್ನು ಮನೆಯವರ ಮಾತಿನಲ್ಲಿಯೇ ಬರೆದು ತರಲಿ.